ಹೆಸರಿಲ್ಲದ ಸರ್ವರ್‌ನ ಮೇಲ್ ಬೇಡ ಅಂದೆ, ಈಗ ಧಣಿಗೆ ನಾನೇ ಬೇಡವಾಗಿದ್ದೇನೆ

ಗೇರುಬೀಜ_ಸರ್ವರ್ · ಗುರುವಾರ ರಾತ್ರಿ 9:10

ನಾನು ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವ. ಪ್ರಿಂಟರ್‌ನಲ್ಲಿ ಸಿಕ್ಕಿಬಿದ್ದ ಕಾಗದ ಎಳೆಯುವುದರಿಂದ ಹಿಡಿದು ಮೇಲ್ ಸರ್ವರ್‌ವರೆಗೆ ಎಲ್ಲಾ ನಾನೇ. ಮೇಲ್ ನಮ್ಮದೇ ಸರ್ವರ್, ಅದರಲ್ಲಿ ಓಡುವ ಮೇಲ್ ತಂತ್ರಾಂಶ ಪೋಸ್ಟ್‌ಫಿಕ್ಸ್. ಐವತ್ತು ಚಿಲ್ಲರೆ ಅಕೌಂಟ್ ಉಂಟು.

ಎರಡು ತಿಂಗಳಿಂದ ಸ್ಪ್ಯಾಮ್ ಕಾಟ ವಿಪರೀತ. ಎಕ್ಸ್‌ಪೋರ್ಟ್ ಸೆಕ್ಷನ್‌ನವರು ಬೆಳಿಗ್ಗೆ ಬಂದು ಮೊದಲ ಅರ್ಧ ಗಂಟೆ ಬರೀ ಡಿಲೀಟ್ ಮಾಡುವುದೇ ಕೆಲಸ. ಲಾಗ್ ತೆಗೆದು ನೋಡಿದರೆ ಸಾಲು ಸಾಲು ಹೀಗೆ:

ಕನೆಕ್ಟ್ ಫ್ರಮ್ ಅನ್‌ನೋನ್[203.0.113.77]
ಹೆಲೋ=<ಲೋಕಲ್‌ಹೋಸ್ಟ್>

(ಕಂಸದಲ್ಲಿರುವುದು ಮೇಲ್ ತಂದ ಸರ್ವರ್‌ನ ಐಪಿ, ಅಂದರೆ ನೆಟ್‌ನಲ್ಲಿ ಅದರ ನಂಬರ್. ಹೆಲೋ ಅಂದರೆ ಅದು ತಾನೇ ಹೇಳಿಕೊಂಡ ಹೆಸರು. ಐಪಿ ಬದಲಿಸಿದ್ದೇನೆ. ಕನ್ನಡದಲ್ಲಿ ಬರೆದಿದ್ದನ್ನು ಯಾರೂ ಹಾಗೇ ಕಾಪಿ ಮಾಡಿ ಸರ್ವರ್‌ಗೆ ಹಾಕಬೇಡಿ ಮಾರಾಯ್ರೆ.)

ಹೆಸರೇ ಇಲ್ಲದವರನ್ನು ಒಳಗೆ ಯಾಕೆ ಬಿಡುವುದು ಅಂತ ಭಾನುವಾರ ರಾತ್ರಿ 'ರಿಜೆಕ್ಟ್_ಅನ್‌ನೋನ್_ಕ್ಲೈಂಟ್_ಹೋಸ್ಟ್‌ನೇಮ್' ಅನ್ನುವ ನಿಯಮ ಹಾಕಿದೆ. ಸೋಮವಾರ ಬೆಳಿಗ್ಗೆ ಇನ್‌ಬಾಕ್ಸ್ ಹೇಗಿತ್ತು ಅಂದರೆ ಗುಡಿಸಿ ನೀರು ಚಿಮುಕಿಸಿದ ಅಂಗಳ. ಧಣಿ ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

ಇವತ್ತು ಪಣಂಬೂರಿನ ನಮ್ಮ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿ, "ಬಿಎಲ್ ಡ್ರಾಫ್ಟ್ ಕಳಿಸಿ ಮೂರು ದಿನ ಆಯ್ತು, ನೀವು ಕನ್ಫರ್ಮ್ ಮಾಡದೆ ಕೂತಿದ್ದೀರಲ್ಲ" ಅಂತ ಜೋರು ಮಾಡಿದರು. ಬಿಎಲ್ ಅಂದರೆ ಬಿಲ್ ಆಫ್ ಲೇಡಿಂಗ್, ಹಡಗಿಗೆ ಹತ್ತಿಸಿದ ಸರಕಿನ ರಸೀದಿ. ನಮ್ಮಲ್ಲಿ ಬಂದೇ ಇಲ್ಲ. ಅವರಿಗೆ ಬೌನ್ಸ್ ಆಗಿ ವಾಪಸೂ ಬಂದಿಲ್ಲವಂತೆ. ಹಾಗಾದರೆ ಮೇಲ್ ಹೋದದ್ದೆಲ್ಲಿ? ಧಣಿ ಕೇಳುತ್ತಿರುವುದೂ ಅದನ್ನೇ, ಸ್ವಲ್ಪ ಬೇರೆ ಭಾಷೆಯಲ್ಲಿ.

ನೀರುದೋಸೆ · 9:14

ಬೆನ್ನು ತಟ್ಟಿದ ಕೈಯೇ ಕುತ್ತಿಗೆಗೆ ಬಂತು ಹೇಳಿ.

ಪಡುಕೆರೆ · 9:31

ಮೇಲ್ ಎಲ್ಲಿಗೂ ಹೋಗಿಲ್ಲ. ಅವರ ಸರ್ವರ್‌ನಲ್ಲೇ ಕಾಲು ಚಾಚಿ ಕೂತಿದೆ.

ನೀವು ಹಾಕಿದ ನಿಯಮ ಡೀಫಾಲ್ಟ್ ಆಗಿ 450 ಅನ್ನುತ್ತದೆ, 550 ಅಲ್ಲ. 5ರಿಂದ ಶುರುವಾದರೆ "ಹೋಗು, ಬರಬೇಡ". 4ರಿಂದ ಶುರುವಾದರೆ "ಈಗ ಆಗುವುದಿಲ್ಲ, ಆಮೇಲೆ ಬಾ". ಪಾಪ ಅವರ ಸರ್ವರ್ ಅದನ್ನು ನಂಬಿ ಮತ್ತೆ ಮತ್ತೆ ಬರುತ್ತಿದೆ, ನಿಮ್ಮದು ಪ್ರತಿ ಸಲ ಅದೇ ಮಾತು ಹೇಳಿ ಕಳಿಸುತ್ತಿದೆ. ಅವರದ್ದೂ ಪೋಸ್ಟ್‌ಫಿಕ್ಸ್ ಆಗಿದ್ದರೆ 5 ದಿನ ಹೀಗೇ ನಡೆಯುತ್ತದೆ, ಆಮೇಲಷ್ಟೇ ಬೌನ್ಸ್. ನಡುವೆ "ತಡವಾಗಿದೆ" ಅಂತ ಕಳಿಸಿದವರಿಗೆ ತಿಳಿಸುವುದು ಡೀಫಾಲ್ಟ್ ಆಗಿ ಆಫ್ ಇರುತ್ತದೆ. ಅದಕ್ಕೇ ಅವರಿಗೂ ಗೊತ್ತಾಗಲಿಲ್ಲ, ನಿಮಗೂ ಗೊತ್ತಾಗಲಿಲ್ಲ.

ನಿಮ್ಮ ಲಾಗ್‌ನಲ್ಲಿ ಅವರ ಐಪಿ ಹುಡುಕಿ. ಸಿಕ್ಕಿದ ಮೇಲೆ ಐಪಿಯಿಂದ ಹೆಸರು ಹುಡುಕುವ 'ಡಿಗ್ -ಎಕ್ಸ್' ಕಮಾಂಡ್ ಹಾಕಿ ಇಲ್ಲಿ ಹೇಳಿ. ಸೋಮವಾರದ್ದಾದರೆ ಇನ್ನೂ ಟೈಮ್ ಉಂಟು, ಗಾಬರಿ ಬೇಡ.

ಮಣಿಪಾಲ್_ಮಳೆ · 9:40

ಒಂದು ದಡ್ಡ ಪ್ರಶ್ನೆ. ಲಾಗ್‌ನಲ್ಲಿ ಅನ್‌ನೋನ್ ಅಂತ ಬಂದರೆ ಆ ಐಪಿಗೆ ಹೆಸರೇ ಇಲ್ಲ ಅಂತ ಅರ್ಥ ಅಲ್ವಾ? ಕಾಲೇಜಲ್ಲಿ ಡಿಎನ್‌ಎಸ್ ಅಂದರೆ ಹೆಸರಿನಿಂದ ನಂಬರ್ ಅಂತ ಹೇಳಿಕೊಟ್ಟು ಮುಂದಿನ ಚಾಪ್ಟರ್‌ಗೆ ಹೋದರು. ನಂಬರ್‌ನಿಂದ ಹೆಸರು ಹುಡುಕುವ ರಿವರ್ಸ್ ಬಗ್ಗೆ ಎರಡೇ ಸಾಲು.

ಪಡುಕೆರೆ · 9:58

ದಡ್ಡ ಪ್ರಶ್ನೆ ಅಲ್ಲ, ಇಡೀ ಕತೆ ಇರುವುದೇ ಅಲ್ಲಿ.

203.0.113.77 ಅನ್ನುವ ಐಪಿಯ ಹೆಸರು ಬೇಕಾದರೆ ಅದನ್ನು ತಿರುಗಿಸಿ 77.113.0.203.ಇನ್-ಆಡ್ರ್.ಆರ್ಪಾ ಅಂತ ಡಿಎನ್‌ಎಸ್‌ನಲ್ಲಿ ಕೇಳಬೇಕು. ಅಲ್ಲಿ ಪಿಟಿಆರ್ ದಾಖಲೆ ಇದ್ದರೆ ಒಂದು ಹೆಸರು ಸಿಗುತ್ತದೆ. ಪೋಸ್ಟ್‌ಫಿಕ್ಸ್ ಅಲ್ಲಿಗೇ ಬಿಡುವುದಿಲ್ಲ. ಆ ಹೆಸರನ್ನು ಹಿಡಿದು ಮತ್ತೆ ಈಚೆಗೆ ಕೇಳುತ್ತದೆ, ನಿನ್ನ ಐಪಿ ಯಾವುದು ಅಂತ. ಅದೇ 203.0.113.77 ಬಂದರೆ ಸರಿ. ಬರದಿದ್ದರೆ ಅನ್‌ನೋನ್.

ಅಂದರೆ ಅನ್‌ನೋನ್ ಆಗಲು ಮೂರು ದಾರಿ. ಪಿಟಿಆರ್ ಇಲ್ಲ. ಅಥವಾ ಪಿಟಿಆರ್ ಉಂಟು, ಆದರೆ ಆ ಹೆಸರಿಗೆ ಐಪಿ ಇಲ್ಲ. ಅಥವಾ ಐಪಿ ಉಂಟು, ಆದರೆ ಬೇರೆಯದ್ದು. ಮೂರನ್ನೂ ಒಂದೇ ಕೋಲಿನಲ್ಲಿ ಹೊಡೆಯುವುದು ಇವರು ಹಾಕಿದ ನಿಯಮ. ಪಿಟಿಆರೇ ಇಲ್ಲದವರನ್ನು ಮಾತ್ರ ತಡೆಯುವ ಇನ್ನೊಂದು ಉಂಟು, ಹೆಸರಿನಲ್ಲಿ 'ರಿವರ್ಸ್' ಸೇರಿರುತ್ತದೆ: ರಿಜೆಕ್ಟ್_ಅನ್‌ನೋನ್_ರಿವರ್ಸ್_ಕ್ಲೈಂಟ್_ಹೋಸ್ಟ್‌ನೇಮ್. ಒಂದು ಶಬ್ದದ ವ್ಯತ್ಯಾಸ, ಧಣಿಯ ಮುಖದಲ್ಲಿ ದೊಡ್ಡ ವ್ಯತ್ಯಾಸ.

ಸುರತ್ಕಲ್_ಲಿನಕ್ಸ್ · 10:05

ನನ್ನ ಕೇಳಿದರೆ ಮೊದಲು ಹಾಕಿದ್ದೇ ಸರಿ. ತನ್ನ ಐಪಿಗೆ ನೆಟ್ಟಗೆ ಒಂದು ಹೆಸರು ಇಡಲು ಆಗದವ ಮೇಲ್ ಸರ್ವರ್ ಯಾಕೆ ನಡೆಸಬೇಕು? ಜಿಮೇಲ್ ಏನು ಬಿಡುತ್ತದಾ? 2024ರ ಫೆಬ್ರವರಿಯಿಂದ ಗೂಗಲ್ ಎಲ್ಲ ಕಳಿಸುವವರಿಗೂ ಹಿಂದೆ ಮುಂದೆ ಎರಡೂ ಹೊಂದುವ ಡಿಎನ್‌ಎಸ್ ಬೇಕು ಅಂತ ಬರೆದೇ ಇಟ್ಟಿದೆ. ಪಿಟಿಆರ್ ಇಲ್ಲದಿದ್ದರೆ 550 5.7.25 ಅಂತ ಮುಖಕ್ಕೆ ಎಸೆಯುತ್ತದೆ. ಇಂಟರ್‌ನೆಟ್ ಪದ್ಧತಿಗಳನ್ನು ಬರೆದಿಡುವ ಆರ್‌ಎಫ್‌ಸಿಗಳಲ್ಲಿ 1996ರ ಆರ್‌ಎಫ್‌ಸಿ 1912 ಕೂಡ ಹೇಳಿದ್ದು ಅದನ್ನೇ, ಪಿಟಿಆರ್ ಮತ್ತು ಹೆಸರಿನಿಂದ ಐಪಿ ಕೊಡುವ ಎ ದಾಖಲೆ ಹೊಂದಬೇಕು ಅಂತ. ಇಷ್ಟು ವರ್ಷ ಆದ ಮೇಲೂ ಮಾಡದವರಿಗೆ ನಾವು ಯಾಕೆ ಮರುಗಬೇಕು?

ಅಡ್ಮಿನ್_ಅಕ್ಕ · 10:22

ಲಿನಕ್ಸ್ ತಮ್ಮಾ, ನೀನು ಹೇಳುವುದು ಕೇಳಲು ಚಂದ. ಪಿಟಿಆರ್ ಬರೆಯುವವರು ಯಾರು ಅಂತ ಗೊತ್ತುಂಟಲ್ಲ? ಡೊಮೈನ್ ನನ್ನದಾಗಿರಬಹುದು, ಐಪಿ ನನ್ನದಲ್ಲ. ಐಪಿ ಯಾರದ್ದೋ ಪಿಟಿಆರ್ ಅವರ ಕೈಯಲ್ಲಿ.

ನಾನು ಉಡುಪಿ ಕಡೆ ಒಂದು ಸೊಸೈಟಿಯಲ್ಲಿದ್ದೆ. ಸ್ಟಾಟಿಕ್ ಐಪಿ ತಗೊಂಡೆವು, ತಿಂಗಳಿಗೆ ಬೇರೆಯೇ ದುಡ್ಡು ಕೊಟ್ಟು. ಪಿಟಿಆರ್ ಹಾಕಿಸಿ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಹುಡುಗಿ "ಮೇಡಂ, ಒಮ್ಮೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ" ಅಂದಳು. ಅವಳ ತಪ್ಪಲ್ಲ, ಅವಳ ಮುಂದಿನ ಹಾಳೆಯಲ್ಲಿ ಅಷ್ಟೇ ಬರೆದಿರುತ್ತದೆ. ಎರಡನೇ ಸಲ ಲೈನ್‌ಮ್ಯಾನ್ ಬಂದರು. ಏಣಿ ಹಾಕಿ ಕಂಬ ಹತ್ತಿ ಕೇಬಲ್ ಬದಲಿಸಿ, "ಈಗ ಪಿಟಿಆರ್ ಬರುತ್ತದೆ ನೋಡಿ" ಅಂದರು. ನಾನು ಚಹಾ ಕೊಟ್ಟು ಕಳಿಸಿದೆ. ಕೊನೆಗೆ ಬೆಂಗಳೂರಿನ ಯಾರದ್ದೋ ಮೇಲ್ ಐಡಿ ಸಿಕ್ಕಿ, ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿ ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಆಯಿತು. ಎರಡೂವರೆ ತಿಂಗಳು. ಅಷ್ಟು ದಿನ ನಾನೂ ನಿನ್ನ ಲೆಕ್ಕದಲ್ಲಿ ಸ್ಪ್ಯಾಮರ್ ಅಲ್ವಾ?

ಕುಂದಾಪ್ರದವ · 10:25

ಕಂಬ ಹತ್ತಿ ಪಿಟಿಆರ್ ಸರಿ ಮಾಡುದಾ! ಎಂತ ಮರಾಯ್ರೆ, ನೆಗ್ಯಾಡಿ ಸಾಕಾಯ್ತ್.

ಹಂಪನಕಟ್ಟೆ_ಹೈದ · 10:37

ಇಷ್ಟೆಲ್ಲ ಯಾಕೆ? ಫ್ರಮ್ ವಿಳಾಸದಲ್ಲಿ ಇರುವ ಡೊಮೈನ್ ಮತ್ತು ಪಿಟಿಆರ್ ಹೆಸರು ಒಂದೇ ಉಂಟಾ ನೋಡಿ, ಇಲ್ಲದಿದ್ದರೆ ಬಿಸಾಡಿ. ಸಿಂಪಲ್.

ಪಡುಕೆರೆ · 10:44

ಹಾಗೆ ಮಾಡಿದರೆ ನಾಳೆ ನಿಮಗೆ ಬರುವ ಒಳ್ಳೆ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಹೋಯಿತು. ಸಾವಿರಾರು ಕಂಪನಿಗಳ ಮೇಲ್ ಇರುವುದು ಗೂಗಲ್‌ನಲ್ಲೋ ಮೈಕ್ರೋಸಾಫ್ಟ್‌ನಲ್ಲೋ. ಫ್ರಮ್‌ನಲ್ಲಿ ಕಂಪನಿ ಹೆಸರು, ಪಿಟಿಆರ್‌ನಲ್ಲಿ ಗೂಗಲ್ ಹೆಸರು. ಒಂದು ಐಪಿಯಲ್ಲಿ ನೂರು ಡೊಮೈನ್ ಇರಬಹುದು, ಅಷ್ಟಕ್ಕೂ ಹೊಂದುವ ಒಂದು ಹೆಸರು ಎಲ್ಲಿಂದ ತರುವುದು? ಹೊಂದಬೇಕಾದ್ದು ಐಪಿ ಮತ್ತು ಆ ಐಪಿಯ ಹೆಸರು, ಅಷ್ಟೇ. ಫ್ರಮ್ ಜೊತೆ ಹೊಂದುತ್ತದಾ ನೋಡಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಬೇರೆ ಪರೀಕ್ಷೆಗಳು ಉಂಟು.

ಹಂಪನಕಟ್ಟೆ_ಹೈದ · 10:46

ಓ. ಆಯ್ತು. ಬಿಸಾಡಬೇಡಿ ಹಾಗಾದರೆ.

ಬಂಗುಡೆ404 · 11:02

ನನಗೆ ಇದು ಮದುವೆ ಊಟದ ಹಾಲ್ ಹಾಗೆ ಕಾಣುತ್ತದೆ. ಬಾಗಿಲಲ್ಲಿ ಬಂದವ "ನಾನು ಹುಡುಗನ ಕಡೆಯವ" ಅನ್ನುತ್ತಾನೆ. ಅದು ಹೆಲೋ. ಬಾಯಿಗೆ ಬಂದದ್ದು ಹೇಳಬಹುದು, ದುಡ್ಡು ಕೊಡಬೇಕಾಗಿಲ್ಲ. ಅವನ ಮುಖ ನೋಡಿ ಊರಿನವರು "ಇವ ಕಾಪುವಿನ ಇಂಥವರ ಮಗ" ಅಂದರೆ ಅದು ಪಿಟಿಆರ್. ಆಮೇಲೆ ಕಾಪುವಿಗೆ ಫೋನ್ ಮಾಡಿ "ನಿಮ್ಮ ಮಗ ಇಲ್ಲಿಗೆ ಬಂದಿದ್ದಾನಾ" ಅಂತ ಕೇಳುವುದು ಪಡುಕೆರೆಯವರು ಹೇಳಿದ ತಿರುಗಿ ವಿಚಾರಣೆ.

ನೀರುದೋಸೆ · 11:04

ನಮ್ಮ ಕಡೆ ಬಾಗಿಲಲ್ಲಿ ಯಾರೂ ಕೇಳುವುದೇ ಇಲ್ಲ, ಎಲೆ ಹಾಕಿ ಬಡಿಸುತ್ತಾರೆ.

ಬಂಗುಡೆ404 · 11:05

ಅದಕ್ಕೇ ಅಲ್ವಾ ಇಷ್ಟು ಸ್ಪ್ಯಾಮ್.

ಅಡ್ಮಿನ್_ಅಕ್ಕ · 11:11

ಉದಾಹರಣೆ ಒಳ್ಳೆದುಂಟು, ಒಂದು ಕಡೆ ಮಾತ್ರ ಕಾಲು ಜಾರಿದೆ. ಪಿಟಿಆರ್ ಹೇಳುವುದು ಊರಿನವರಲ್ಲ, ಆ ಐಪಿಯ ಯಜಮಾನ. ಬಾಡಿಗೆ ಸರ್ವರ್ ಕೊಡುವ ಎಷ್ಟೋ ಕಡೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೀವೇ ಟೈಪ್ ಮಾಡಬಹುದು. ಗೂಗಲ್‌ನ ಹೆಸರೇ ಬರೆದುಕೊಳ್ಳಿ ಬೇಕಾದರೆ. ಆದರೆ ಆ ಹೆಸರನ್ನು ಹಿಡಿದು ಮುಂದಿನಿಂದ ಕೇಳಿದಾಗ ಗೂಗಲ್‌ನ ಡಿಎನ್‌ಎಸ್ ನಿಮ್ಮ ಐಪಿ ಕೊಡುವುದಿಲ್ಲ. ಸುಳ್ಳು ಹಿಡಿಯುವುದು ಆ ಎರಡನೇ ಪ್ರಶ್ನೆಯಲ್ಲಿ, ಮೊದಲನೆಯದರಲ್ಲಿ ಅಲ್ಲ.

ಮಣಿಪಾಲ್_ಮಳೆ · 11:20

ಹಾಗಾದರೆ ಸ್ಪ್ಯಾಮರ್ ಒಂದು ಬಾಡಿಗೆ ಸರ್ವರ್ ತಗೊಂಡು ತನ್ನದೇ ಡೊಮೈನ್ ಇಟ್ಟು ಎರಡೂ ಸರಿ ಮಾಡಿದರೆ?

ಪಡುಕೆರೆ · 11:26

ಆರಾಮಾಗಿ ಒಳಗೆ ಬರುತ್ತಾನೆ. ಎಸ್‌ಪಿಎಫ್, ಡಿಕಿಮ್ ಕೂಡ ಪಾಸ್. ಎಷ್ಟೋ ಸ್ಪ್ಯಾಮರ್‌ಗಳ ಡಿಎನ್‌ಎಸ್ ನಮ್ಮೂರ ಆಫೀಸುಗಳಿಗಿಂತ ಚೊಕ್ಕ ಇರುತ್ತದೆ. ಪಿಟಿಆರ್ ನೋಡುವುದು ಅವರಿಗಲ್ಲ. ವೈರಸ್ ಹೊಕ್ಕ ಮನೆ ಕಂಪ್ಯೂಟರ್, ಪಾಸ್‌ವರ್ಡ್ ಬದಲಿಸದ ಸಿಸಿಟಿವಿ ಡಬ್ಬ, ಇವೆಲ್ಲ ನೇರ ಮೇಲ್ ಸರ್ವರ್‌ನ 25ನೇ ಪೋರ್ಟಿಗೆ ಬಂದು ಮೇಲ್ ಸುರಿಯುತ್ತವಲ್ಲ, ಅವಕ್ಕೆ. ಅವುಗಳ ಐಪಿಗೆ ಹೆಸರೇ ಇರುವುದಿಲ್ಲ, ಅಥವಾ ಐಪಿಯ ಅಂಕಿಗಳನ್ನೇ ಅಡ್ಡಗೆರೆ ಹಾಕಿ ಜೋಡಿಸಿದ ಹೆಸರು ಇರುತ್ತದೆ, ಡೈನಾಮಿಕ್-203-0-113-77 ಅಂತ. ಹೆಸರು ನೋಡಿದರೇ ಗೊತ್ತಾಗುತ್ತದೆ ಇದು ಯಾರದ್ದೋ ಮನೆಯ ಬ್ರಾಡ್‌ಬ್ಯಾಂಡ್ ಅಂತ. ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್‌ನಲ್ಲಿ ಇಂಥ ಹೆಸರಿಗೆ ಬೇರೆಯೇ ನಿಯಮ ಉಂಟು, ಒಂದಷ್ಟು ಅಂಕ ಏರಿಸುತ್ತದೆ. ಬಿಸಾಡುವುದಿಲ್ಲ. ಸಂಶಯದ ಲೆಕ್ಕಕ್ಕೆ ಸೇರಿಸುತ್ತದೆ, ಬೇರೆ ಗುಣಗಳೂ ಕೆಟ್ಟದಾಗಿದ್ದರೆ ಮಾತ್ರ ಸ್ಪ್ಯಾಮ್ ಅನ್ನುತ್ತದೆ.

ಸುರತ್ಕಲ್_ಲಿನಕ್ಸ್ · 11:33

ಹೆಲೋ ಬಗ್ಗೆಯೂ ಹೇಳಿ. ಹೆಲೋ ಹೆಸರು ಪಿಟಿಆರ್‌ಗೆ ಹೊಂದದಿದ್ದರೆ ನಾನು ನೇರ 550 ಕೊಡುತ್ತೇನೆ. ಮೂರು ವರ್ಷ ಆಯಿತು, ಒಂದು ತೊಂದರೆ ಇಲ್ಲ.

ಪಡುಕೆರೆ · 11:41

ತೊಂದರೆ ಇಲ್ಲವೋ, ತೊಂದರೆ ಆದವರ ಮೇಲ್ ನಿಮಗೆ ತಲುಪಿಲ್ಲವೋ? :)

ಆರ್‌ಎಫ್‌ಸಿ 1912 ಹೇಳಿದಿರಿ, 2008ರ 5321 ಕೂಡ ತೆಗೆದು ನೋಡಿ. ಹೆಲೋ ಹೆಸರು ಐಪಿಗೆ ಹೊಂದುತ್ತದಾ ಅಂತ ಪರೀಕ್ಷೆ ಮಾಡಬಹುದು, ಆದರೆ ಹೊಂದಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಮೇಲ್ ತಿರಸ್ಕರಿಸಬಾರದು ಅಂತ ಸ್ಪಷ್ಟ ಉಂಟು. ದೊಡ್ಡ ಕಂಪನಿಗಳಲ್ಲಿ ಒಳಗಿನ ಸರ್ವರ್ ತನ್ನ ಒಳಗಿನ ಹೆಸರು ಹೇಳಿಬಿಡುತ್ತದೆ, ಹೊರಗೆ ಬರುವುದು ಫೈರ್‌ವಾಲ್‌ನ ಐಪಿಯಿಂದ. ಸುಳ್ಳು ಹೇಳುತ್ತಿಲ್ಲ, ಬರೀ ಅಜಾಗ್ರತೆ.

ಹೆಲೋದಲ್ಲಿ ಕಣ್ಣು ಮುಚ್ಚಿ ತಡೆಯಬಹುದಾದ್ದು ಬೇರೆ ಉಂಟು. ಹೊರಗಿನಿಂದ ಬಂದವ ನಿಮ್ಮದೇ ಡೊಮೈನ್ ಹೆಸರು ಅಥವಾ ನಿಮ್ಮದೇ ಸರ್ವರ್‌ನ ಐಪಿ ಹೇಳುತ್ತಾನೆ. ನಮ್ಮ ಮನೆ ಬಾಗಿಲು ತಟ್ಟಿ "ನಾನೇ ಈ ಮನೆ ಯಜಮಾನ" ಅಂದ ಹಾಗೆ. ಒಳ್ಳೆಯವರು ಯಾರೂ ಹಾಗೆ ಹೇಳುವುದಿಲ್ಲ. ಹಾಗೇ ಬರೀ 'ಲೋಕಲ್‌ಹೋಸ್ಟ್', ಚುಕ್ಕೆಯೇ ಇಲ್ಲದ ಹೆಸರು, ಇವನ್ನೂ ಬಿಡಬೇಕಾಗಿಲ್ಲ. ಗೇರುಬೀಜದವರ ಲಾಗ್‌ನಲ್ಲಿದ್ದದ್ದು ಅದೇ ಅಲ್ವಾ? ಅವರಿಗೆ ಅದೊಂದೇ ಸಾಕಿತ್ತು.

ಕುಂದಾಪ್ರದವ · 11:48

ಇದನ್ನು ಹಾಕುವಾಗ ಆರ್ಡರ್ ನೋಡಿಕೊಳ್ಳಿ. ನಾನು ಒಮ್ಮೆ ಹೆಲೋ ನಿಯಮವನ್ನು ಎಲ್ಲಕ್ಕಿಂತ ಮೇಲೆ ಬರೆದೆ. ನಮ್ಮ ಸೇಲ್ಸ್‌ನವರು ಬಸ್ಸಲ್ಲಿ ಕೂತು ಮೊಬೈಲ್‌ನಿಂದ ಕಳಿಸುವ ಮೇಲ್ ಎಲ್ಲಾ ಬಂದ್. ಫೋನ್‌ಗಳು ಹೆಲೋದಲ್ಲಿ ಏನೇನೋ ಹೇಳುತ್ತವೆ, ಮೊಬೈಲ್ ಡೇಟಾ ಐಪಿಗೆ ಸರಿ ಹೆಸರೂ ಇರುವುದಿಲ್ಲ. ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದವರನ್ನು ಮೊದಲು ಬಿಟ್ಟುಬಿಡಬೇಕು, ಆಮೇಲೆ ತನಿಖೆ. ಇನ್ನೂ ಒಳ್ಳೆದು ಅವರಿಗೆ 587 ಪೋರ್ಟ್ ಬೇರೆ ಕೊಡುವುದು. ಶಿರೂರಿನಿಂದ ಬೈದದ್ದು ಇನ್ನೂ ಕಿವಿಯಲ್ಲಿ ಉಂಟು.

ಹಂಪನಕಟ್ಟೆ_ಹೈದ · 11:55

ಮಳೆಗಾಲದಲ್ಲಿ ನಮ್ಮ ಡಿಎನ್‌ಎಸ್ಸೇ ಕೈಕೊಟ್ಟರೆ? ಜೂನ್‌ನಲ್ಲಿ ಲೈನ್ ಬಂದು ಹೋಗಿ ಮಾಡುತ್ತದಲ್ಲ. ಆಗ ಎಲ್ಲರೂ ಅನ್‌ನೋನ್. ನಾನು ಕೋಡ್ 550 ಮಾಡಿ ಇಟ್ಟಿದ್ದೇನೆ. ಒಂದು ರಾತ್ರಿ ಗಾಳಿ ಮಳೆಗೆ ಎಲ್ಲರ ಮೇಲೂ ಬೌನ್ಸ್ ಆಗುತ್ತದಾ ಹಾಗಾದರೆ?

ಅಡ್ಮಿನ್_ಅಕ್ಕ · 11:59

ಇಲ್ಲ. ಡಿಎನ್‌ಎಸ್ ಉತ್ತರವೇ ಬರಲಿಲ್ಲ ಅಂದರೆ ಪೋಸ್ಟ್‌ಫಿಕ್ಸ್ ನೀನು ಏನು ಬರೆದಿದ್ದರೂ 450ನೇ ಕೊಡುತ್ತದೆ. "ಹೆಸರು ಇಲ್ಲ" ಅಂತ ಖಚಿತ ಉತ್ತರ ಬಂದರೆ ಮಾತ್ರ ನಿನ್ನ 550. ಆದರೂ ತೆಗೆದುಬಿಡು ಅದನ್ನು. 450 ಇದ್ದದ್ದಕ್ಕೇ ಗೇರುಬೀಜದವರ ಕೆಲಸ ಉಳಿಯುವ ಹಾಗೆ ಕಾಣುತ್ತದೆ.

ನೀರುದೋಸೆ · ಶುಕ್ರವಾರ ಬೆಳಿಗ್ಗೆ 7:30

ಇಷ್ಟು ಚರ್ಚೆ ಆಯಿತು, ಸ್ಪ್ಯಾಮ್‌ಗೆ ಕನ್ನಡದಲ್ಲಿ ಎಂತ ಹೇಳುವುದು?

ಮಣಿಪಾಲ್_ಮಳೆ · 7:41

ಕಸದಂಚೆ?

ಬಂಗುಡೆ404 · 7:44

ಅಂಚೆಕಸ ಅಂದರೆ ನಾಲಿಗೆಗೆ ಸಲೀಸು. ತುಳುವಲ್ಲಿ ಸೀದಾ ಕಜವು ಅಂದರೆ ಆಯಿತು, ಅದರಲ್ಲೇ ಸಿಟ್ಟೂ ಬರುತ್ತದೆ.

ಸುರತ್ಕಲ್_ಲಿನಕ್ಸ್ · 7:52

ಸ್ಪ್ಯಾಮ್ ಅಂತಲೇ ಇರಲಿ. ಪ್ರಿಂಟರ್‌ಗೆ ಮುದ್ರಕ ಅಂತೀರಾ ನೀವು?

5321 ನೋಡಿದೆ. ಪಡುಕೆರೆಯವರು ಹೇಳಿದ ಹಾಗೇ ಉಂಟು. ಹೆಲೋ ನಿಯಮ ಸಡಿಲ ಮಾಡುತ್ತೇನೆ. ಪಿಟಿಆರೇ ಇಲ್ಲದವರನ್ನು ಮಾತ್ರ ಬಿಡುವುದಿಲ್ಲ. ಅವರಿಗೆ ಜಿಮೇಲೂ ಬಾಗಿಲು ತೆಗೆಯುವುದಿಲ್ಲ, ಯಾರಾದರೂ ಹೇಳಲೇಬೇಕಲ್ಲ.

ಪಡುಕೆರೆ · 8:03

ಅದಕ್ಕೆ ನನ್ನ ತಕರಾರಿಲ್ಲ. ಹೆಸರೇ ಇಲ್ಲ ಅಂದರೆ ತಡೆಯಿರಿ. ಹೆಸರು ಉಂಟು, ಹೊಂದುವುದಿಲ್ಲ ಅಂದರೆ ಅಂಕ ಏರಿಸಿ ಬಿಡಿ. ಹೆಸರು ಹೊಂದದಿರುವುದು ಹೆಚ್ಚಾಗಿ ಸೋಮಾರಿತನ, ಕಳ್ಳತನ ಅಲ್ಲ.

ಗೇರುಬೀಜ_ಸರ್ವರ್ · 10:50

ಸಿಕ್ಕಿತು! ಏಜೆಂಟರ ಐಪಿಗೆ 'ಡಿಗ್ -ಎಕ್ಸ್' ಹಾಕಿದೆ. ಹೆಸರು ಬಂತು, ಸ್ಟಾಟಿಕ್ ಅಂತ ಶುರುವಾಗಿ ಐಪಿಯ ಅಂಕಿಗಳು, ಕೊನೆಗೆ ಇಂಟರ್‌ನೆಟ್ ಕೊಟ್ಟವರ ಡೊಮೈನ್. ಆ ಹೆಸರನ್ನು ತಿರುಗಿ ಕೇಳಿದರೆ ಏನೂ ಇಲ್ಲ, ಖಾಲಿ. ಪಡುಕೆರೆಯವರು ಹೇಳಿದ ಎರಡನೇ ದಾರಿ. ಕಳೆದ ತಿಂಗಳು ಅವರು ಕನೆಕ್ಷನ್ ಬದಲಿಸಿದರಂತೆ. ಹೊಸಬರು ಪಿಟಿಆರ್ ಬರೆದಿದ್ದಾರೆ, ಅದಕ್ಕೆ ಹೊಂದುವ ಎ ದಾಖಲೆ ಬರೆಯಲು ಮರೆತಿದ್ದಾರೆ. ಏಜೆಂಟರ ಆಫೀಸಿನಲ್ಲಿ ಇದನ್ನು ಹೇಳಿದೆ. "ನಿಮ್ಮೊಬ್ಬರಿಗೇ ಯಾಕೆ ತೊಂದರೆ" ಅಂತ ಕೇಳಿದರು. ಜಿಮೇಲ್‌ಗೆ ಹೋಗುತ್ತದಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಈಗೀಗ ಕೆಲವರಿಗೆ ಹೋಗುವುದಿಲ್ಲ" ಅಂದರು.

ಅಡ್ಮಿನ್_ಅಕ್ಕ · 10:58

ಲೆಟರ್‌ಹೆಡ್, ಸೀಲು ರೆಡಿ ಇಟ್ಟುಕೊಳ್ಳಲು ಹೇಳಿ. ಕಂಬ ಹತ್ತಲು ಬಂದರೆ ಬೇಡ ಅನ್ನಿ.

ಪಡುಕೆರೆ · 11:06

ಈಗ ಹೀಗೆ ಮಾಡಿ. ಕಟ್ಟುನಿಟ್ಟಿನ ನಿಯಮದ ಮುಂದೆ 'ವಾರ್ನ್_ಇಫ್_ರಿಜೆಕ್ಟ್' ಸೇರಿಸಿ. ಆಗ ಅದು ಯಾರನ್ನೂ ತಡೆಯುವುದಿಲ್ಲ, ತಡೆಯುತ್ತಿದ್ದೆ ಅಂತ ಲಾಗ್‌ನಲ್ಲಿ ಬರೆಯುತ್ತದೆ ಅಷ್ಟೇ. ನಿಜವಾಗಿ ತಡೆಯಲು ರಿವರ್ಸ್ ಇರುವ ನಿಯಮ, ಜೊತೆಗೆ ಹೆಲೋದ ಎರಡು. ಎರಡು ವಾರ ಆ ಲಾಗ್ ಓದಿ, ಇನ್ನು ಯಾರ್ಯಾರು ಹೀಗೆ ಸಿಕ್ಕಿಬೀಳುತ್ತಿದ್ದರು ಅಂತ ಗೊತ್ತಾಗುತ್ತದೆ. ಭಾನುವಾರವೇ ಇದನ್ನು ಮಾಡಬೇಕಿತ್ತು, ಇರಲಿ.

ರಿಲೋಡ್ ಮಾಡಿ ಒಂದು ಗಂಟೆ ಕಾಯಿರಿ. ಅವರದ್ದು ಪೋಸ್ಟ್‌ಫಿಕ್ಸ್ ಆದರೆ ಹೆಚ್ಚೆಂದರೆ 4000 ಸೆಕೆಂಡಿಗೊಮ್ಮೆ ಬಂದು ಬಾಗಿಲು ತಟ್ಟುತ್ತದೆ. ಮತ್ತೆ ಕಳಿಸಿ ಅಂತ ಹೇಳುವ ಅಗತ್ಯವೂ ಇಲ್ಲ.

ಗೇರುಬೀಜ_ಸರ್ವರ್ · 12:35

ಬಂತು ಮಾರಾಯ್ರೆ, ಬಂತು. ಊಟಕ್ಕೆ ಏಳುವ ಹೊತ್ತಿಗೆ. ಪಡುಕೆರೆಯವರಿಗೆ ಗೋಳಿಬಜೆ ಪಾರ್ಟಿ ನನ್ನ ಲೆಕ್ಕದಲ್ಲಿ.

ಒಂದೇ ಸಮಸ್ಯೆ. ಉತ್ತರ ಬರಲಿಲ್ಲ ಅಂತ ಅವರ ಗುಮಾಸ್ತ ದಿನಾ ಬೆಳಿಗ್ಗೆ ಸಂಜೆ ಅದೇ ಡ್ರಾಫ್ಟ್ ಕಳಿಸುತ್ತಾ ಇದ್ದನಂತೆ. ಎಲ್ಲಾ ಕ್ಯೂನಲ್ಲಿ ಇದ್ದದ್ದು ಒಟ್ಟಿಗೆ ಬಂದು ಬಿದ್ದಿದೆ, ಆರು ಬಿಎಲ್. ಧಣಿ ಕರೆದು, "ನಾವು ಕಳಿಸಿದ್ದು ಒಂದು ಕಂಟೇನರ್ ಅಲ್ವಾ?" ಅಂತ ಕೇಳುತ್ತಿದ್ದಾರೆ.

ನೀರುದೋಸೆ · 12:37

ಏಳನೆಯದ್ದು ಸ್ಪ್ಯಾಮ್ ಫೋಲ್ಡರ್‌ನಲ್ಲಿ ಉಂಟಾ ನೋಡಿ.